ಓಡಿದವನ ಹೆಸರು

2012ರ ಆಗಸ್ಟ್ 4ರ ಲಂಡನ್ ರಾತ್ರಿ ನಮಗೆ ರಂಝಾನಿನ ನಡುರಾತ್ರಿ ದಾಟಿದ ಹೊತ್ತು. ಸಹರಿಗೆ ಇನ್ನೂ ಸಮಯವಿತ್ತು. ನಾವು ಮನೆಮಂದಿಯೆಲ್ಲ ಟೀವಿಯ ಮುಂದೆ ಕುಳಿತು ಒಲಿಂಪಿಕ್ಸ್‌ನ ಪುರುಷರ 10,000 ಮೀಟರ್ ಓಟ ನೋಡುತ್ತಿದ್ದೆವು. ಟ್ರ್ಯಾಕಿನಲ್ಲಿ 25 ಸುತ್ತು. ಕೊನೆಯ ಸುತ್ತನ್ನು ಬ್ರಿಟನ್ನಿನ ಮೊ ಫರಾ ಸುಮಾರು 53 ಸೆಕೆಂಡಿನಲ್ಲಿ ಓಡಿ, 27 ನಿಮಿಷ 30.42 ಸೆಕೆಂಡಿಗೆ ಚಿನ್ನ ಗೆದ್ದ. ಗೆದ್ದವನೇ ಟ್ರ್ಯಾಕಿನ ಮೇಲೆ ಸಜ್ದಾ ಮಾಡಿದ. 'ನಮ್ಮ ಹುಡುಗ' ಎಂದೆವು ನಾವು. ಆತನ ಊರು ಯಾವುದೆಂದು ನಮಗೆ ಗೊತ್ತಿರಲಿಲ್ಲ. ಮುಹಮ್ಮದ್ ಎಂಬ ಹೆಸರೇ ಸಾಕಾಗಿತ್ತು.

2016ರಲ್ಲಿ ರಿಯೋದ ಇದೇ ಓಟದ ನಡುವೆ ಆತ ಕಾಲು ತೊಡರಿ ಬಿದ್ದ. ಎದ್ದು ಓಡಿ ಮತ್ತೆ ಗೆದ್ದ. ಆಗಲೂ ನಾವು ಬೀಗಿದೆವು.

2022ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರದಲ್ಲಿ ಆತನೇ ಹೇಳಿದ: ಅದು ತನ್ನ ಹೆಸರಲ್ಲ. ಹುಟ್ಟುಹೆಸರು ಹುಸೈನ್ ಅಬ್ದಿ ಕಾಹಿನ್. ಸೋಮಾಲಿಲ್ಯಾಂಡ್‌ನ ಮಗು, ನಾಲ್ಕನೆಯ ವಯಸ್ಸಿನಲ್ಲೇ ಅಂತರ್ಯುದ್ಧಕ್ಕೆ ತಂದೆಯನ್ನು ಕಳಕೊಂಡವ. ಒಂಬತ್ತರ ಆಸುಪಾಸಿನಲ್ಲಿ ಅಪರಿಚಿತ ಹೆಂಗಸೊಬ್ಬಳು ಬೇರೊಬ್ಬ ಬಾಲಕನ ಹೆಸರಿನಲ್ಲಿ ಜಿಬೂಟಿಯಿಂದ ಬ್ರಿಟನ್ನಿಗೆ ಸಾಗಿಸಿದಳು. ಅಲ್ಲಿ ಒಂದು ಮನೆಯಲ್ಲಿ ಚಾಕರಿ, ಪರರ ಮಕ್ಕಳ ಆರೈಕೆ. ಕೊನೆಗೆ ಶಾಲೆಯ ದೈಹಿಕ ಶಿಕ್ಷಣದ ಮಾಸ್ತರು ಅಲನ್ ವಾಟ್ಕಿನ್ಸನ್ ಅವರಲ್ಲಿ ಬಾಯಿಬಿಟ್ಟ. ಅವರು ಕೇಳಿಸಿಕೊಂಡರು, ಆ ಮನೆಯಿಂದ ಬಿಡಿಸಲು ನೆರವಾದರು.

ಅದನ್ನು ಓದಿದ ದಿನ ನಮಗೆ ಆ ರಂಝಾನಿನ ರಾತ್ರಿ ನೆನಪಾಯಿತು. ಓಟ ಮುಗಿದ ಮೇಲೆ ಸಹರಿ ಉಂಡೆವಲ್ಲ, ಆ ತಟ್ಟೆಗಳನ್ನು ತೊಳೆದವರು ಯಾರು? 'ಓದಿಸುತ್ತೇವೆ' ಎಂದು ಹಳ್ಳಿಯಿಂದ ನಾವೇ ಕರೆತಂದಿದ್ದ ಹುಡುಗಿ. ಶಾಲೆಗೆ ಕಳಿಸುವುದು ಮುಂದಿನ ವರ್ಷಕ್ಕಾಗುತ್ತ ಹೋಯಿತು. 'ಏ ಹುಡುಗೀ' ಎಂದರೆ ಅವಳು ಬರುತ್ತಿದ್ದಳು. ಅವಳ ಹೆಸರೇನೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ.