ಘಟಪ್ರಭೆಯ ಮೇಲೆ ಒಂದು ದಿನ

ಹಡಗಿನಲ್ಲಿ ದೇಶಸಂಚಾರ ಮಾಡುವವರು ಒಂದೊಂದು ರೇವಿನಲ್ಲಿ ತಂಗುವ ಕಾಲವು ಬಹು ಸ್ವಲ್ಪವಾದುದು. ಬೆಳಗಾಗುವಾಗ ಹಡಗು ದಡವನ್ನು ಸೇರುವುದು. ಸಂಜೆಯೊಳಗೆ ಎಲ್ಲರೂ ಮರಳಿ ಹತ್ತಿರಬೇಕು. 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗೂ ಇಂಥ ವಿಹಾರನೌಕೆಗಳು ಬರುವುದುಂಟು. ಅವುಗಳಿಂದ ಇಳಿದವರು ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಚಿತ್ರಗಳನ್ನೂ, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ, ಕಾರ್ಕಳದ ಗೊಮ್ಮಟನನ್ನೂ ಕಂಡು ಹಿಂದಿರುಗುವರು. ದಿನವೆಲ್ಲಾ ಸಮುದ್ರವನ್ನೇ ನೋಡಿ ಬಂದ ಈ ಜನರಲ್ಲಿ ಅನೇಕರು, ದಡಕ್ಕಿಳಿದ ಮೇಲೆಯೂ ನೀರನ್ನೇ ಅರಸುವರೆಂಬುದು ಸೋಜಿಗದ ಸಂಗತಿಯಾಗಿದೆ. ಅವರು ಅರಸುವುದು ಅಲೆಯ ನೀರನ್ನಲ್ಲ. ಎರಡು ದಡಗಳ ನಡುವೆ ಮೆಲ್ಲನೆ ಸಾಗುವ ಹೊಳೆಯ ನೀರನ್ನು.

ಜಮೈಕಾ ದ್ವೀಪವು ಇದಕ್ಕೆ ಹೆಸರಾದದ್ದು. ಅಲ್ಲಿಯ ರಿಯೋ ಗ್ರಾಂಡೆ ಎಂಬ ಹೊಳೆಯಲ್ಲಿ ರೈತರು ಬಿದಿರಿನ ತೆಪ್ಪಗಳ ಮೇಲೆ ಬಾಳೆಗೊನೆಗಳನ್ನು ಹೇರಿ ಕಡಲತೀರಕ್ಕೆ ಸಾಗಿಸುತ್ತಿದ್ದರು. ಕಾಲಾನಂತರದಲ್ಲಿ ಅದೇ ತೆಪ್ಪಗಳ ಮೇಲೆ ಪ್ರವಾಸಿಗಳು ಕುಳಿತುಕೊಳ್ಳಲಾರಂಭಿಸಿದರು. ಅದೇ ದ್ವೀಪದ ಮಾರ್ಥಾ ಬ್ರೇ ಎಂಬ ಹೊಳೆಯಲ್ಲಿ ಸುಮಾರು 30 ಅಡಿ ಉದ್ದದ ಬಿದಿರಿನ ತೆಪ್ಪದ ಮೇಲೆ ಇಬ್ಬರನ್ನು ಕುಳ್ಳಿರಿಸಿ, ಅಂಬಿಗನೊಬ್ಬನು ನಿಂತು ಗಳ ಹಾಕುತ್ತಾ ಮೂರು ಮೈಲುಗಳಷ್ಟು ದೂರ ಕೊಂಡೊಯ್ಯುವನು. ಹತ್ತಿರದ ಫಾಲ್ಮತ್ ಪಟ್ಟಣದಲ್ಲಿ 2011ರಲ್ಲಿ ದೊಡ್ಡ ಹಡಗುಗಳಿಗೆ ಹೊಸ ರೇವು ತೆರೆಯಲ್ಪಟ್ಟಿತು. ಬೆಳಿಗ್ಗೆ ಹಡಗಿನಿಂದಿಳಿದವರು ತೆಪ್ಪದಲ್ಲಿ ತೇಲಿ ಸಂಜೆಗೆ ಹಡಗು ಸೇರಬಹುದು.

ಈ ವೃತ್ತಾಂತವು ನಮ್ಮ ಹಳೇ ವಿದ್ಯಾರ್ಥಿನಿಯರ ಕೂಟದಲ್ಲಿ ಹೇಳಲ್ಪಟ್ಟಿತು. ಹಡಗಿನಲ್ಲಿ ದಾದಿಯಾಗಿ ಸೇವೆಮಾಡಿ ಬಂದ ಸಹೋದರಿಯೊಬ್ಬರು ತಾವು ಕಂಡದ್ದನ್ನು ವಿವರಿಸಿದರು. ಎಲ್ಲರೂ ಆನಂದದಿಂದ ಕೇಳಿದ ಬಳಿಕ ಗೋಕಾಕದ ಕಡೆಯ ಹಿರಿಯರೊಬ್ಬರು, "ಕಡಲಾಚೆಯ ಹೊಳೆಯ ಮಾತಾಯಿತು. ನಮ್ಮ ಘಟಪ್ರಭೆಯ ಮೇಲೆ ನಮ್ಮಲ್ಲಿ ಯಾರು ಕುಳಿತಿದ್ದೇವೆ?" ಎಂದು ಕೇಳಿದರು. ಹುಕ್ಕೇರಿ, ಗೋಕಾಕ, ಮೂಡಲಗಿಗಳಿಂದ ಬಂದು ಓದಿದವರು ನಮ್ಮಲ್ಲಿ ಅನೇಕರಿದ್ದರು. ಅವರ ಹೊಲಕ್ಕೆ ಆ ಹೊಳೆಯ ನೀರು, ಅವರ ಕೊಡಕ್ಕೆ ಆ ಹೊಳೆಯ ನೀರು. ಆದರೂ ಒಬ್ಬರೂ ಕೈಯೆತ್ತಲಿಲ್ಲ. ಗಂಡುಹುಡುಗರು ಹೊಳೆಯಲ್ಲಿ ಈಜಿ ಬೆಳೆಯುವರು. ಹೆಣ್ಣುಮಕ್ಕಳಿಗೆ ಹೊಳೆಯೆಂದರೆ ಬಟ್ಟೆ ಒಗೆಯುವ ಕಲ್ಲು, ಇಲ್ಲವೆ ದೂರದಿಂದ ನೋಡತಕ್ಕ ಭಯ. ಹೀಗೆ ಜನವರಿ ತಿಂಗಳ ಒಂದು ಶನಿವಾರ ಹನ್ನೊಂದು ಮಂದಿ ಹಳೇ ವಿದ್ಯಾರ್ಥಿನಿಯರೂ ಅವರ ಐದು ಮಂದಿ ಹೆಣ್ಣುಮಕ್ಕಳೂ ಕೂಡಿ ಘಟಪ್ರಭೆಯನ್ನು ನೋಡಿ, ಅದರ ಮೇಲೆ ತೇಲಿಬರುವುದೆಂದು ನಿಶ್ಚಯವಾಯಿತು.

ತಂದೆತಾಯಿಗಳ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸಲಿಲ್ಲ. 2019ನೆಯ ಇಸವಿ ಆಗಸ್ಟ್ ತಿಂಗಳ ನೆರೆಯನ್ನು ಆ ಸೀಮೆಯವರು ಮರೆತಿಲ್ಲ. ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯೂ, ಗೋಕಾಕದ ಬಳಿ ಬಂದು ಸೇರುವ ಮಾರ್ಕಂಡೇಯವೂ, ಘಟಪ್ರಭೆಯೂ ಒಟ್ಟಿಗೆ ಏರಿದಾಗ ಲೋಳಸೂರ ಸೇತುವೆಯು ಮುಳುಗಿತು. ಗೋಕಾಕದ ತಗ್ಗಿನ ಬೀದಿಗಳಲ್ಲಿ ನೀರು ನಿಂತಿತು. ಮೂಡಲಗಿ ಭಾಗದ ನದೀತೀರದ ಹಳ್ಳಿಗಳ ಜನರು ದನಕರುಗಳನ್ನು ಹೊಡೆದುಕೊಂಡು ದಿಣ್ಣೆಗಳನ್ನು ಸೇರಿದರು. ನಮ್ಮೊಡನೆ ಬಂದ ಸಹೋದರಿಯೊಬ್ಬರ ತವರುಮನೆಯಲ್ಲಿಯೂ ಆಗ ನೀರು ಹೊಕ್ಕು, ಜೋಳದ ಚೀಲಗಳೂ ತಾಯಿಯ ಮದುವೆಯ ಪೆಟ್ಟಿಗೆಯೂ ಹಾಳಾಗಿದ್ದವು. ಅವರ ಹನ್ನೆರಡು ವರ್ಷದ ಮಗಳು ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತು, ತೆಪ್ಪವು ಎಷ್ಟು ದೊಡ್ಡದು, ಯಾರು ನಡೆಸುವರು ಎಂದು ಬಿಡದೆ ಕೇಳುತ್ತಿದ್ದಳು. ತಾಯಿಯು, "ನೋಡೋಣ" ಎಂಬ ಒಂದೇ ಮಾತನ್ನು ಹೇಳುತ್ತಿದ್ದರು.

ಬೆಳಗಾವಿಯಿಂದ ಹೊರಟು ಮೊದಲು ಹುಕ್ಕೇರಿ ತಾಲೂಕಿನ ಹಿಡಕಲ್ಲಿಗೆ ಹೋದೆವು. ಸಹ್ಯಾದ್ರಿಯಲ್ಲಿ ಹುಟ್ಟಿ ಸುಮಾರು 283 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುವ ಈ ನದಿಗೆ ಅಲ್ಲಿ ರಾಜಾ ಲಖಮಗೌಡ ಜಲಾಶಯವು ಕಟ್ಟಲ್ಪಟ್ಟಿದೆ. ಅದು 51 ಟಿ.ಎಂ.ಸಿ. ನೀರನ್ನು ಹಿಡಿಯುವುದು, ತುಂಬಿದಾಗ ನೀರಿನ ಮಟ್ಟವು ಸಮುದ್ರಮಟ್ಟಕ್ಕಿಂತ 2,175 ಅಡಿ ಎತ್ತರದಲ್ಲಿರುವುದು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಹುನ್ನೂರಿನ ಹಳೇ ವಿಠ್ಠಲ ದೇವಾಲಯವು ಮೈದೋರುವುದು. ಜನವರಿಯಲ್ಲಿ ಅದು ಕಾಣದು. ಕಂಡದ್ದು ಕಣ್ಣು ಹಾಯುವಷ್ಟು ದೂರ ಅಲುಗದ ನೀರು ಮಾತ್ರ. ಮುಳುಗಿದ ಹೊಲಮನೆಗಳನ್ನು ಬಿಟ್ಟು ಎದ್ದುಹೋದವರ ತ್ಯಾಗದ ಮೇಲೆಯೇ ಕೆಳಗಿನ 3 ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿಗೆ ನೀರಿನ ಆಸರೆಯಾಗಿದೆ ಎಂಬುದನ್ನು ಮಕ್ಕಳಿಗೆ ತಿಳಿಸಿದೆವು.

ಅಲ್ಲಿಂದ ಹೊಳೆಯ ಜೊತೆಯಲ್ಲಿಯೇ ಎಂಬಂತೆ ಕೆಳಗೆ ಸಾಗಿ ಧೂಪದಾಳಕ್ಕೆ ಬಂದೆವು. 1897ರಲ್ಲಿ ಮುಗಿದ ಕಲ್ಲಿನ ಒಡ್ಡು ಅಲ್ಲಿ ನದಿಯನ್ನು ತಡೆದು ಕಾಲುವೆಗೆ ತಿರುಗಿಸುವುದು. ಒಡ್ಡಿನ ಹಿಂದೆ ಹರಡಿದ ನೀರಿಗೆ ಚಳಿಗಾಲದಲ್ಲಿ ದೂರದೇಶಗಳ ಹಕ್ಕಿಗಳು ಬರುವವಾದುದರಿಂದ ಆ ಪ್ರದೇಶವು 1974ರಿಂದ ಪಕ್ಷಿಧಾಮವಾಗಿದೆ. ಹಡಗಿಲ್ಲದೆ, ರೇವಿಲ್ಲದೆ ವರ್ಷವರ್ಷವೂ ನಮ್ಮ ಹೊಳೆಗೆ ಬಂದುಹೋಗುವ ಈ ಪ್ರವಾಸಿಗಳನ್ನು ನೋಡಿ ಮಕ್ಕಳು ಹಿಗ್ಗಿದರು.

ಮುಂದೆ ಗೋಕಾಕ ಜಲಪಾತ. ಮಳೆಗಾಲದಲ್ಲಿ ಕುದುರೆಲಾಳದಂತೆ ಬಾಗಿದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ನದಿಯು, ನಾವು ಹೋದಾಗ ಒಂದೆರಡು ಬಿಳಿಯ ಎಳೆಗಳಾಗಿ ಇಳಿಯುತ್ತಿತ್ತು. ಮೇಲೆ ಕಾಲುವೆಗೂ ಯಂತ್ರಗಳಿಗೂ ಪಾಲು ಕೊಟ್ಟು ಉಳಿದ ನೀರೇ ಅಲ್ಲಿಗೆ ಬರುವುದು. ದಡದ ಮೇಲೆ ಚಾಲುಕ್ಯರ ಕಾಲದ ಶೈಲಿಯ ಕಲ್ಲುಗುಡಿಗಳಿವೆ. ಇದೇ ನೀರಿನ ಬಲದಿಂದ 1887ರಲ್ಲಿ ತಿರುಗಲಾರಂಭಿಸಿದ ನೂಲಿನ ಗಿರಣಿಯಿದೆ. ಬಂಡೆಗಳ ಮೇಲೆ ಸುಮಾರು 200 ಮೀಟರ್ ಉದ್ದಕ್ಕೆ ಹಾಯ್ದ ತೂಗುಸೇತುವೆಯಿದೆ. ಅದೆಲ್ಲವನ್ನೂ ದೂರದಿಂದಲೇ ನೋಡಿ, ಮರದ ನೆರಳಿನಲ್ಲಿ ಕುಳಿತು, ದೇವರನ್ನು ಸ್ತುತಿಸಿ, ರೊಟ್ಟಿಯ ಗಂಟನ್ನು ಬಿಚ್ಚಿದೆವು. ಊಟದ ಕೊನೆಗೆ ಗೋಕಾಕದ ಕರದಂಟು ಇಲ್ಲದಿದ್ದರೆ ಆದೀತೇ?

ಮಧ್ಯಾಹ್ನ ಮೂರು ಗಂಟೆಗೆ ಮೂಡಲಗಿ ತಾಲೂಕಿನ ಒಂದು ನದೀತೀರದ ಹಳ್ಳಿಯನ್ನು ತಲುಪಿದೆವು. ಹಿಂದೆ ಗೋಕಾಕಕ್ಕೆ ಸೇರಿದ್ದ ಈ ಭಾಗವು ಈಗ ಬೇರೆ ತಾಲೂಕಾಗಿದೆ. ಜಲಪಾತದಲ್ಲಿ ಅಷ್ಟು ಎತ್ತರದಿಂದ ಬಿದ್ದ ನದಿಯು ಇಲ್ಲಿ ಕಬ್ಬಿನ ಹೊಲಗಳ ನಡುವೆ ಬಯಲಿನಲ್ಲಿ ಹರಿಯುವುದು. ಅಲ್ಲಲ್ಲಿ ಬಾಂದಾರಗಳು ಅದನ್ನು ನಿಲ್ಲಿಸಿರುವುದರಿಂದ ಚಳಿಗಾಲದಲ್ಲಿ ನೀರು ಹರಿಯುವುದೋ ನಿಂತಿರುವುದೋ ಎಂದು ಸಂದೇಹವಾಗುವುದು. ಅಂಬಿಗನು ಅರುವತ್ತು ದಾಟಿದ ಮೀನುಗಾರ. ಅವನ ತೆಪ್ಪವು ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ. ಹೊರಮೈಗೆ ತಾಡಪತ್ರಿಯನ್ನು ಬಿಗಿದು ಡಾಂಬರು ಬಳಿಯಲಾಗಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೋ ಪಾಯೆಸನು, ಬುಟ್ಟಿಯಂತೆ ಗುಂಡಗಾಗಿ ಹೊರಗೆ ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಹದಿನೈದು ಇಪ್ಪತ್ತು ಜನರು ಹೊಳೆ ದಾಟುತ್ತಿದ್ದರೆಂದು ಬರೆದಿಟ್ಟಿದ್ದಾನೆ. ತೊಗಲು ಹೋಗಿ ತಾಡಪತ್ರಿ ಬಂದಿದೆ. ಬುಟ್ಟಿ ಮಾತ್ರ ಅದೇ ಆಗಿದೆ.

ಅಂಬಿಗನು ನಮ್ಮನ್ನು ಎಣಿಸಿ, ಒಂದು ಸಾರಿಗೆ ನಾಲ್ವರಿಗಿಂತ ಹೆಚ್ಚು ಹತ್ತಿಸುವುದಿಲ್ಲವೆಂದನು. ನಾವು ತಂದಿದ್ದ ಲೈಫ್ ಜಾಕೆಟ್ಟುಗಳನ್ನು ಒಬ್ಬೊಬ್ಬರಿಗೂ ತೊಡಿಸಿ, ಪಟ್ಟಿಗಳನ್ನು ತಾನೇ ಎಳೆದು ನೋಡಿದನು. "ನಡುವ ಎದ್ದು ನಿಂದರಬ್ಯಾಡ್ರಿ ಅಕ್ಕಾರ. ಎಲ್ಲಾರೂ ಒಂದ ಕಡೆ ಸರೀಬ್ಯಾಡ್ರಿ" ಎಂದು ಹೇಳಿ ನದಿಯ ಮೇಲ್ಗಡೆಗೆ ಒಮ್ಮೆ ನೋಡಿದನು. ಏನು ನೋಡುವೆ ಕಾಕಾ, ಎಂದು ಹುಡುಗಿಯೊಬ್ಬಳು ಕೇಳಲು, "ಮ್ಯಾಲಿಂದ ನೀರು ಬಿಟ್ಟಾರಂದ್ರ ನಾ ತೆಪ್ಪಾ ಇಳಸೂದಿಲ್ಲವ್ವಾ. ಮುಂಜಾನಿ ಕೇಳಿಕೊಂಡೀನಿ, ಆದ್ರೂ ನೋಡತೀನಿ" ಎಂದನು.

ಮೊದಲ ತೆಪ್ಪಕ್ಕೆ ಹೆಸರು ಕರೆದಾಗ ಆ ಹನ್ನೆರಡು ವರ್ಷದ ಹುಡುಗಿಯು ಮುಂದೆ ಬಂದಳು. ತಾಯಿಯು ಅವಳ ಕೈಯನ್ನು ಬಿಡಲಿಲ್ಲ. ನಾವು ಯಾರೂ ಬಲವಂತಮಾಡಲಿಲ್ಲ. ನೆರೆಯ ನೀರನ್ನು ತವರುಮನೆಯ ಹೊಸ್ತಿಲಲ್ಲಿ ಕಂಡವರಿಗೆ ಧೈರ್ಯವನ್ನು ಬೋಧಿಸಲು ನಮಗೆ ಬಾಯಿಯಿರಲಿಲ್ಲ. ಸ್ವಲ್ಪಹೊತ್ತಿನ ಮೇಲೆ ಆ ತಾಯಿ ತಾವಾಗಿಯೇ, "ಮೊದಲು ನಾನು ಹೋಗಿಬರುವೆನು. ನೀನು ಇಲ್ಲಿಯೇ ನಿಂತು ನೋಡುತ್ತಿರು" ಎಂದು ಹೇಳಿ, ಸೆರಗನ್ನು ಬಿಗಿದು ತೆಪ್ಪದಲ್ಲಿ ಕುಳಿತರು. ಅವರ ಎರಡು ಕೈಗಳೂ ಬುಟ್ಟಿಯ ಅಂಚನ್ನು ಹಿಡಿದಿದ್ದವು.

ತೆಪ್ಪವು ದಡವನ್ನು ಬಿಟ್ಟಿತು. ದುಂಡಾದ ದೋಣಿಗೆ ಮುಂದು ಹಿಂದುಗಳಿಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಅದು ಬುಗುರಿಯಂತೆ ತಿರುಗುವುದು. ಅಂಬಿಗನು ಮುಂಗಡೆಯಲ್ಲಿ ಮಂಡಿಯೂರಿ, ಹುಟ್ಟನ್ನು ಎಡಕ್ಕೂ ಬಲಕ್ಕೂ ಸೆಳೆಯುತ್ತಾ ಅದನ್ನು ನೆಟ್ಟಗೆ ಸಾಗಿಸಿದನು. ದಡದ ಮಾತುಗಳು ದೂರವಾದವು. ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು, ಎಲ್ಲಿಯೋ ಪಂಪಿನ ಸದ್ದು, ಮೀಂಚುಳ್ಳಿಯ ಒಂದು ಕೂಗು. ಅರ್ಧ ಮೈಲು ಹೋದ ಮೇಲೆ ದೂರದಲ್ಲಿ ಬಾಂದಾರವು ಕಾಣಿಸಿತು. ಅಲ್ಲಿಂದಲೇ ಅವನು ತೆಪ್ಪವನ್ನು ತಿರುಗಿಸಿದನು. ಬಾಂದಾರದ ಬೀಳು ನೋಡುವುದಕ್ಕೆ ಮೂರು ನಾಲ್ಕು ಅಡಿಯದಾದರೂ, ಕೆಳಗೆ ಬಿದ್ದ ನೀರು ಸುರುಳಿಯಾಗಿ ಹಿಂದಕ್ಕೇ ಮಗುಚಿಕೊಳ್ಳುವುದರಿಂದ ಅದರಲ್ಲಿ ಸಿಕ್ಕಿದ ಈಜುಗಾರನೂ ಹೊರಬರುವುದು ಕಷ್ಟ. ಹೊಳೆಯಲ್ಲಿ ಯಾವುದು ಸೌಮ್ಯವಾಗಿ ತೋರುವುದೋ ಅದೆಲ್ಲವೂ ಸೌಮ್ಯವಲ್ಲವೆಂದು ನಾವು ಅಲ್ಲಿ ಕಲಿತೆವು.

ಮರಳಿ ದಡಕ್ಕೆ ಬರುವಷ್ಟರಲ್ಲಿ ಆ ತಾಯಿಯ ಒಂದು ಕೈ ಬುಟ್ಟಿಯ ಅಂಚನ್ನು ಬಿಟ್ಟು ನೀರನ್ನು ಮುಟ್ಟುತ್ತಿತ್ತು. ಅವರು ಇಳಿಯಲಿಲ್ಲ, ಮಗಳನ್ನು ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಎರಡನೆಯ ಸಾರಿ ಹೋದರು. ನೀರಿನ ನಡುವೆ ಅವರು ದಡದ ಒಂದು ಹಳೇ ಬೇವಿನಮರವನ್ನು ತೋರಿಸಿ, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಂಬಿಗನನ್ನು ಕೇಳಿದರಂತೆ. ಅವನು ಹುಟ್ಟನ್ನೆತ್ತಿ, ಕವಲೊಡೆಯುವ ಜಾಗವನ್ನು ತೋರಿಸಿದನಂತೆ. ಮಗಳು ಬಹಳ ಹೊತ್ತು ಆ ಕವಲನ್ನೇ ನೋಡುತ್ತಿದ್ದಳೆಂದು ತಾಯಿ ನಮಗೆ ಹೇಳಿದರು. ನೆರೆಯ ಕಥೆಯನ್ನು ಆ ಹುಡುಗಿ ಮನೆಯಲ್ಲಿ ನೂರು ಸಾರಿ ಕೇಳಿದ್ದಳು. ಅದರ ಎತ್ತರವನ್ನು ಕಣ್ಣಿನಿಂದ ಅಳೆದದ್ದು ಅಂದೇ.

ಪ್ರಿಯ ತಂದೆತಾಯಿಗಳೇ, ಈ ಬರಹದ ಉದ್ದೇಶವು ನಿಮಗೆ ಇಷ್ಟರಲ್ಲಿ ತಿಳಿದಿರಬಹುದು. ಹೊಳೆಯ ಸೌಮ್ಯತೆಯು ತಾನಾಗಿ ಬಂದುದಲ್ಲ. ಹಿಡಕಲ್ಲಿನ ಗೇಟುಗಳು ಮುಚ್ಚಿರುವುದರಿಂದಲೂ, ಅಂಬಿಗನು ವಿಚಾರಿಸಿ ಇಳಿಸಿದ್ದರಿಂದಲೂ, ನಾಲ್ವರ ಲೆಕ್ಕವನ್ನು ಮೀರದಿದ್ದುದರಿಂದಲೂ, ಬಾಂದಾರಕ್ಕೆ ದೂರದಿಂದಲೇ ಬೆನ್ನು ತಿರುಗಿಸಿದ್ದರಿಂದಲೂ ಆ ಮಧ್ಯಾಹ್ನ ನಮಗೆ ಸೌಮ್ಯವಾಯಿತು. ಇದನ್ನು ತಿಳಿದ ಹುಡುಗಿಯು ಅಳತೆಯಿಲ್ಲದೆ ನೀರಿಗಿಳಿಯಳು. ಸುಣಧೋಳಿ, ಅವರಾದಿಗಳಂಥ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುವಾಗ ದಾಟಹೊರಟ ಅಣ್ಣತಮ್ಮಂದಿರನ್ನು ಕೈಹಿಡಿದು ನಿಲ್ಲಿಸುವಳು. ಏನನ್ನೂ ತಿಳಿಯದೆ ದೂರದಲ್ಲಿಯೇ ಅಂಜಿ ಬೆಳೆದವಳಿಗಾದರೋ ಹೊಳೆಯು ಬಾಗಿಲಿಗೆ ಬಂದ ದಿನ ಅಂಜಿಕೆಯೊಂದೇ ಉಳಿಯುವುದು. ಆದುದರಿಂದ ನಿಮ್ಮ ಹೆಣ್ಣುಮಕ್ಕಳಿಗೆ ಈಜು ಕಲಿಸಿರಿ. ಬೇಸಿಗೆಯ ರಜೆಯಲ್ಲಿ, ಬಲ್ಲ ಹೆಂಗಸರ ಕಣ್ಣೆದುರಿನಲ್ಲಿ, ಎದೆಮಟ್ಟದ ನೀರಿನಲ್ಲಿ ಕಲಿಸಿರಿ. ನಿಮ್ಮೂರಿನ ಹೊಳೆಯ ನೀರು ಎಲ್ಲಿಂದ ಬರುವುದು, ಎಲ್ಲಿ ತಡೆಯಲ್ಪಡುವುದು, ಯಾವ ತಿಂಗಳಲ್ಲಿ ಏರುವುದು ಎಂಬುದನ್ನು ಲೆಕ್ಕ ವ್ಯಾಕರಣಗಳಂತೆಯೇ ಅವರು ಬಲ್ಲವರಾಗಲಿ.

ನಾವು ಚಿಕ್ಕವರಾಗಿದ್ದಾಗ ಭಾನುವಾರದ ಶಾಲೆಯಲ್ಲಿ ಕೇಳಿದ ಕಥೆಯೊಂದು ಅಂದು ಸಂಜೆ ನಮ್ಮ ನೆನಪಿಗೆ ಬಂದಿತು. ರಾಳ ಬಳಿದ ಬುಟ್ಟಿಯಲ್ಲಿ ಮಲಗಿಸಿ ನದಿಯ ಜೊಂಡಿನ ನಡುವೆ ಇಡಲ್ಪಟ್ಟ ಕೂಸು ಮೋಶೆಯನ್ನು ನೆನೆಯುವವರು ಅನೇಕರು. ಆ ದಡದಲ್ಲಿ ನಿಂತು, ಓಡಿಹೋಗದೆ, ಕಣ್ಣು ತೆಗೆಯದೆ ಕಾದಿದ್ದು, ತಕ್ಕ ವೇಳೆಯಲ್ಲಿ ತಕ್ಕ ಮಾತನಾಡಿ ತಮ್ಮನನ್ನು ತಾಯಿಯ ಮಡಿಲಿಗೆ ಮರಳಿಸಿದವಳು ಒಬ್ಬ ಹುಡುಗಿ. ದೇವರು ಆ ದಿನದ ರಕ್ಷಣೆಯ ಕೆಲಸವನ್ನು ನೀರನ್ನು ನೋಡಬಲ್ಲ ಒಬ್ಬ ಅಕ್ಕನ ಕೈಗೆ ಕೊಟ್ಟನು. ನಮ್ಮ ಶಾಲೆಯ ಬಾಗಿಲಿನಿಂದ ಹೊರಡುವ ಪ್ರತಿಯೊಬ್ಬ ಹುಡುಗಿಯೂ ತನ್ನ ಊರಿನ ದಡದಲ್ಲಿ ಹಾಗೆಯೇ ತಿಳಿದು, ಧೈರ್ಯದಿಂದ, ಇತರರಿಗೆ ಆಸರೆಯಾಗಿ ನಿಲ್ಲುವಂತೆ ಆತನು ಅನುಗ್ರಹಿಸಲೆಂಬುದೇ ನಮ್ಮ ಬಿನ್ನಹ.