ಎಲ್ಲರೂ ಉತ್ತರಿಸುವ ತರಗತಿ

ಕ್ಲಿಕ್ಕರ್ ಅಂದರೆ ಪುಟ್ಟ ರಿಮೋಟ್. ಮೇಷ್ಟ್ರು ಪ್ರಶ್ನೆ ಹಾಕುತ್ತಾರೆ, ಪ್ರತಿಯೊಬ್ಬರೂ ಗುಂಡಿ ಒತ್ತಬೇಕು. ಯಾರು ಏನು ಒತ್ತಿದರೆಂದು ತರಗತಿಗೆ ಗೊತ್ತಾಗುವುದಿಲ್ಲ. ಹಿಂದಿನ ಬೆಂಚಿನ ಸಂಕೋಚದ ಹುಡುಗಿಯೂ ಧೈರ್ಯವಾಗಿ ಉತ್ತರಿಸಬಹುದು. ನನಗೆ ಇದೇ ತುಂಬ ಇಷ್ಟ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ನೋಡಿ. ಭಾರಿ ಲಾರಿಗೂ ಸಣ್ಣ ಕಾರಿಗೂ ಡಿಕ್ಕಿಯಾಯಿತು, ಯಾವುದರ ಮೇಲೆ ಹೆಚ್ಚು ಬಲ ಬಿತ್ತು? ನ್ಯೂಟನ್ನನ ಮೂರನೇ ನಿಯಮ ಬಾಯಿಪಾಠ ಇದ್ದವರೂ ‘ಕಾರಿನ ಮೇಲೆ’ ಅಂತ ಒತ್ತಿಬಿಡುತ್ತಾರೆ. ಬಲ ಎರಡರ ಮೇಲೂ ಸಮ. ಕಾರು ಹಗುರ, ಹಾಗಾಗಿ ಅದರ ವೇಗ ಹೆಚ್ಚು ಬದಲಾಗುತ್ತದೆ. ಮೇಷ್ಟ್ರು ಇದನ್ನು ತಕ್ಷಣ ಬಿಟ್ಟುಕೊಡುವುದಿಲ್ಲ. ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಒತ್ತಿ ಅನ್ನುತ್ತಾರೆ. ಆ ಎರಡು ನಿಮಿಷದ ಗದ್ದಲದಲ್ಲೇ ಪಾಠ ತಲೆಗೆ ಹತ್ತುವುದು. ಅದನ್ನು ಬಿಟ್ಟು ಬರೀ ಉತ್ತರ ಎಣಿಸುವುದಾದರೆ ಯಂತ್ರಕ್ಕೆ ಹಾಕಿದ ದುಡ್ಡು ದಂಡ.

ಅಷ್ಟು ದುಡ್ಡಿಲ್ಲದ ಶಾಲೆಗೆ ಪ್ಲಿಕರ್ಸ್ ಇದೆ. ಮಕ್ಕಳ ಕೈಯಲ್ಲಿ ಮುದ್ರಿತ ಕಾಗದದ ಕಾರ್ಡು, ಯಾವ ಬದಿ ಮೇಲೆ ಮಾಡಿ ಹಿಡಿದರೋ ಅದೇ ಉತ್ತರ. ಮೇಷ್ಟ್ರು ಫೋನಿನ ಕ್ಯಾಮೆರಾ ಹಿಡಿದು ತರಗತಿಯತ್ತ ಒಮ್ಮೆ ತಿರುಗಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಮೇಷ್ಟ್ರುಗಳೂ ಮೇಡಂಗಳೂ ಒಮ್ಮೆ ಮಾಡಿ ನೋಡಲಿ ಅಂತ ನನ್ನಾಸೆ.