ಲಾಂಡ್ರಿ ಚೀಟಿ ಕೊಟ್ಟು ಹೋದವಳು

ಮಾರ್ಚ್ ಬಂತೆಂದರೆ ಮಾವಿನ ಮಿಡಿ, ಮಕ್ಕಳ ಪರೀಕ್ಷೆ, ಇನ್‌ಕಂ ಟ್ಯಾಕ್ಸಿನ ಜೊತೆಗೆ ಆಸ್ಕರೂ ಬರುತ್ತದೆ. ಲಾಸ್ ಏಂಜಲಿಸ್‌ನ ಭಾನುವಾರ ಸಂಜೆ ನಮಗೆ ಸೋಮವಾರದ ಬೆಳಗಿನ ಜಾವ. ಅತ್ತ ನಟಿಯರು ನೆಲ ಗುಡಿಸುವ ಗೌನುಗಳಲ್ಲಿ ಇಳಿಯುವಾಗ ಇತ್ತ ಹಾಲಿನವನು ಬೆಲ್ ಮಾಡುತ್ತಿರುತ್ತಾನೆ. ಸ್ಪರ್ಧೆಯ ಚಿತ್ರಗಳನ್ನೆಲ್ಲ ಈ ಸಲ ನೋಡಿಯೇ ತೀರಬೇಕೆಂದು ಕೂತವನು, ಪಟ್ಟಿ ನೋಡಿಯೇ ಸುಸ್ತಾಗಿ ‘ಕ್ರೇಮರ್ ವರ್ಸಸ್ ಕ್ರೇಮರ್’ ಹಾಕಿಕೊಂಡೆ. 1979ರದ್ದು. ಐದು ಆಸ್ಕರ್ ಬಾಚಿಕೊಂಡ ಚಿತ್ರ. ಅದರೆದುರು ಸೋತವರಲ್ಲಿ ಹೆಲಿಕಾಪ್ಟರು, ನಾಪಾಮು ಎಲ್ಲ ಇದ್ದ ‘ಅಪೊಕ್ಯಾಲಿಪ್ಸ್ ನೌ’ ಕೂಡ ಸೇರಿತ್ತು. ಇದರಲ್ಲಿ ಸುಡುವುದು ಬರೀ ಬ್ರೆಡ್ಡು.

ಕಾಲೇಜಿನ ದಿನಗಳಲ್ಲಿ ನೋಡಿದಾಗ ನಾನು ಪೂರ್ತಿ ಗಂಡನ, ಅಂದರೆ ಡಸ್ಟಿನ್ ಹಾಫ್‌ಮನ್ ಪಾರ್ಟಿ. ಈ ಸಲ ಪಕ್ಕದಲ್ಲಿ ಹೆಂಡತಿ ಇದ್ದಳು. ಚಿತ್ರದ ಶುರುವಿನಲ್ಲೇ ಮೆರಿಲ್ ಸ್ಟ್ರೀಪ್ ಗಂಡನನ್ನೂ ಮಗುವನ್ನೂ ಬಿಟ್ಟು ಹೊರಟಿದ್ದಾಳೆ. ಅವನಿಗೋ ಆಫೀಸಿನ ಖುಷಿ, ಇವಳ ಮಾತು ಕಿವಿಗೇ ಬೀಳುತ್ತಿಲ್ಲ. ಆಕೆ ಮನೆಯ ಕೀ, ಕ್ರೆಡಿಟ್ ಕಾರ್ಡು, ಚೆಕ್‌ಬುಕ್ಕು, ಲಾಂಡ್ರಿ ಚೀಟಿ ಒಂದೊಂದಾಗಿ ಒಪ್ಪಿಸಿ, ಬಾಡಿಗೆ ಕಟ್ಟಿದ್ದಾಗಿದೆ ಎನ್ನುತ್ತಾಳೆ.

“ನೋಡಿ, ಬಿಟ್ಟು ಹೋಗೋವಾಗ್ಲೂ ಚಾರ್ಜ್ ಹ್ಯಾಂಡೋವರ್ ಮಾಡೇ ಹೋಗ್ಬೇಕು,” ಎಂದಳು ಇವಳು. ನಮ್ಮ ಲಾಂಡ್ರಿ ಚೀಟಿ ಎಲ್ಲಿರುತ್ತದೆಂದು ನನಗೆ ಗೊತ್ತಿಲ್ಲವಾದ್ದರಿಂದ ವಾಲ್ಯೂಮ್ ಹೆಚ್ಚಿಸಿದೆ.

ಚಿತ್ರದಲ್ಲಿ ಮಾರನೆಯ ಬೆಳಗ್ಗೆಯೇ ಫ್ರೆಂಚ್ ಟೋಸ್ಟ್ ಪ್ರಸಂಗ. ಅಪ್ಪ ಮೊಟ್ಟೆ ಒಡೆಯುವುದು ಕಾಫಿ ಮಗ್ಗಿನೊಳಗೆ. ಬ್ರೆಡ್ಡು ಅದರೊಳಗೆ ಹಿಡಿಸುವುದಿಲ್ಲ. ಮಡಚಿ ತುರುಕುತ್ತಾನೆ, ಹರಿಯುತ್ತದೆ. ಮಗ ತಕರಾರು ತೆಗೆದರೆ ದೊಡ್ಡ ಹೋಟೆಲುಗಳಲ್ಲಿ ಹೀಗೇ ಮಡಚುತ್ತಾರೆ ಎಂಬ ಸಮರ್ಥನೆ. ಕೊನೆಗೆ ಬಾಣಲೆಯ ಹಿಡಿ ಕೈ ಸುಡುತ್ತದೆ. ಆಮೇಲೆ ಶಾಲೆಗೆ ಬಿಡಲು ಹೊರಟಾಗ ಕೇಳುತ್ತಾನೆ: ನೀನು ಎಷ್ಟನೇ ಕ್ಲಾಸು?

ಇಲ್ಲಿ ನನಗೆ ನಗು ಬಂತು, ಪೂರ್ತಿ ಬರಲಿಲ್ಲ. ನನ್ನ ಅಪ್ಪನೂ ಪ್ರತಿ ಜೂನಿನಲ್ಲಿ ಫೀಸಿನ ಚಲನ್ ಬರೆಯುತ್ತ, ಪೆನ್ನು ಎತ್ತದೆ, ಅಡುಗೆಮನೆಯ ಕಡೆ ಕೂಗುತ್ತಿದ್ದರು: “ಇವ್ನು ಈಗ ಎಷ್ಟ್ನೇದು?” ನಾನು ಎದುರಿಗೇ ನಿಂತಿರುತ್ತಿದ್ದೆ. ಉತ್ತರ ಒಗ್ಗರಣೆಯ ಚಟಪಟದ ನಡುವಿನಿಂದ ಬರುತ್ತಿತ್ತು. ಅಮ್ಮ ಒಂದು ವಾರ ತವರಿಗೆ ಹೋದರೆ ನಮ್ಮ ಮನೆಯಲ್ಲಿ ಉಪ್ಪಿಟ್ಟೇ ಕುಲದೈವ. ಅದೂ ತಳ ಹಿಡಿದದ್ದು. ಆದರೆ ಆ ವಾರ ಮಾತ್ರ ಅಪ್ಪ ನಮ್ಮ ಜೊತೆ ನೆಲಕ್ಕೆ ಕೂತು ತಿನ್ನುತ್ತಿದ್ದರು.

ಮಗನಾಗಿ ನಟಿಸಿದ ಜಸ್ಟಿನ್ ಹೆನ್ರಿಗೆ ಎಂಟನೇ ವಯಸ್ಸಿಗೇ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಪಾಪ, ಎಂಬತ್ತರ ಹೊಸ್ತಿಲಲ್ಲಿದ್ದ ಮೆಲ್ವಿನ್ ಡಗ್ಲಸ್‌ಗೆ ಸೋತ. ಗೆದ್ದ ಸ್ಟ್ರೀಪ್ ತನ್ನ ಪ್ರತಿಮೆಯನ್ನು, ಮದುವೆಮನೆಯಲ್ಲಿ ಕೊಡೆ ಮರೆತ ಹಾಗೆ, ಬಾತ್‌ರೂಮಿನಲ್ಲಿ ಮರೆತಳು. ಚಿತ್ರದಲ್ಲಿ ಮಗ ತನಗೆ ಬೇಕೆಂದು ಕೋರ್ಟಿನಲ್ಲಿ ಆಕೆ ಆಡುವ ಮಾತು ಆಕೆಯೇ ಬರೆದುಕೊಂಡದ್ದಂತೆ. ಅದನ್ನು ನನ್ನ ಹೆಂಡತಿ ಫೋನು ಕೆಳಗಿಟ್ಟು ಕೇಳಿದಳು.

ಚಿತ್ರದ ಕೊನೆಗೆ ಅದೇ ಅಪ್ಪ-ಮಗ ಮತ್ತೆ ಫ್ರೆಂಚ್ ಟೋಸ್ಟ್ ಮಾಡುತ್ತಾರೆ. ಈಗ ಕೈಗಳಿಗೆ ಕೆಲಸ ಗೊತ್ತು, ಮಾತೇ ಬೇಕಿಲ್ಲ. ಬೆಸ್ಟ್ ಆಕ್ಟರ್ ಪ್ರಶಸ್ತಿ ಕೊಟ್ಟದ್ದು ಈ ದೃಶ್ಯಕ್ಕೇ ಇರಬೇಕು ಎಂದೆ.

“ಇರಬಹುದು,” ಎಂದಳು ಅವಳು. “ಆ ಬಾಣಲೆ ತೊಳೆದದ್ದು ಯಾರು, ತೋರಿಸಿದ್ರಾ?”